ಗುಬ್ಬಚ್ಚಿ ಗೂಡಿನ ಪೆಟ್ಟಿಗೆ: ಕಡ್ಡಿ ಕಿತ್ತ ಮೇಲೆ ಪರವಾಗಿಲ್ಲ

ನಾನು ವೈರಿಂಗ್ ಕೆಲಸದವನು. ಮೀಟರ್ ಬೋರ್ಡಿನೊಳಗೆ, ಫ್ಯಾನಿನ ಬಟ್ಟಲೊಳಗೆ, ಹೊರಗಿನ ದೀಪದ ಹಿಂದೆ, ಎಲ್ಲೆಲ್ಲೋ ಗುಬ್ಬಚ್ಚಿಗಳು ತುರುಕಿದ ಹುಲ್ಲನ್ನು ಎಳೆದು ಹಾಕಿದ್ದೇನೆ. ಒಣಹುಲ್ಲು, ಕರೆಂಟು ಎರಡೂ ಒಂದೇ ಡಬ್ಬಿಯಲ್ಲಿ ಇರಬಾರದು, ಅಷ್ಟೇ. ಎರಡು ವರ್ಷದ ಹಿಂದೆ ನಮ್ಮ ಮನೆಯ ಬೋರ್ಡಿಗೇ ಒಂದು ಜೋಡಿ ಬಂತು. ಮೊಟ್ಟೆ ಇಟ್ಟಿರಲಿಲ್ಲ, ಹಾಗಾಗಿ ತೆಗೆದೆ. ಮಾರನೇ ದಿನ ಮತ್ತೆ ಅಲ್ಲೇ ಹುಲ್ಲು. ಮತ್ತೆ ತೆಗೆದೆ. ಮೂರನೇ ದಿನ ಹೆಂಡತಿ ಕೇಳಿದಳು, "ಅವಕ್ಕೆ ಬೇರೆ ಜಾಗ ಎಲ್ಲಿದೆ ಹೇಳಿ? ಹಳೇ ಮನೇಲಿ ಸೂರಿನ ಸಂದಾದ್ರೂ ಇತ್ತು." ನಮ್ಮ ಈಗಿನ ಮನೆಯ ಗೋಡೆಯಲ್ಲಿ ಬೆರಳು ತೂರಿಸುವಷ್ಟೂ ಸಂದಿಲ್ಲ. ಸರಿ, ಆನ್‌ಲೈನ್‌ನಲ್ಲಿ ಮೂರು ಗೂಡಿನ ಪೆಟ್ಟಿಗೆ ತರಿಸಿದೆ.

ನೋಡೋಕೆ ಚೆಂದ, ಸುಳ್ಳು ಹೇಳಬಾರದು. ಪುಟ್ಟ ಮನೆಯ ಥರ ಇಳಿಜಾರು ಚಾವಣಿ, ಮುಂದೆ ಕೂರಲು ಕಡ್ಡಿ, ಕೆಳಗೆ ಕಾಳು ಹಾಕೋ ಬಟ್ಟಲು, ಒಳಗೂ ಹೊರಗೂ ಹೊಳೆಯುವ ಬಣ್ಣ. ಕೊಳ್ಳುವವರ ಕಣ್ಣಿಗೆ ಮಾಡಿದ್ದು ಅಂತ ಆಗಲೇ ಅನಿಸಬೇಕಿತ್ತು.

ಮೊದಲ ಸೀಸನ್‌ನಲ್ಲಿ ಒಂದು ಹಕ್ಕಿಯೂ ಒಳಗೆ ಹೋಗಲಿಲ್ಲ. ಅದರಲ್ಲಿ ಅರ್ಧ ತಪ್ಪು ನನ್ನದೇ. ಡ್ರಿಲ್ಲಿಗೆ ಪ್ಲಗ್ ಹತ್ತಿರ ಇತ್ತು ಅಂತ ಪಶ್ಚಿಮದ ಗೋಡೆಗೆ ಹೊಡೆದಿದ್ದೆ. ಒಂದು ಮಧ್ಯಾಹ್ನ ಏಣಿ ಹತ್ತಿ ಬೆರಳು ಹಾಕಿ ನೋಡಿದರೆ ಒಳಗೆ ಒಲೆಯ ಹಾಗೆ ಕಾವು. ಮರಿಗಳು ಇದ್ದಿದ್ದರೆ ಬೆಂದೇ ಹೋಗುತ್ತಿದ್ದವು.

ಇನ್ನರ್ಧ ತಪ್ಪು ಪೆಟ್ಟಿಗೆಯದು. ಪ್ಲೈವುಡ್ 6 ಮಿ.ಮೀ. ಮಾತ್ರ. ಬಿಸಿಲು, ಚಳಿ ತಡೆಯಬೇಕಾದರೆ ಕಡೇಪಕ್ಷ 15 ಮಿ.ಮೀ. ಹಲಗೆ ಬೇಕು. ಬಾಗಿಲ ತೂತು 45 ಮಿ.ಮೀ. ಇತ್ತು. ಗುಬ್ಬಚ್ಚಿಗೆ 32 ಸಾಕು. 45 ಅಂದರೆ ಮೈನಾ ಆರಾಮಾಗಿ ನುಗ್ಗುತ್ತೆ, ಒಂದು ಬಂದು ಇಣುಕಿಯೂ ಹೋಯಿತು. ಇನ್ನು ಆ ಕಡ್ಡಿ. ಗುಬ್ಬಚ್ಚಿಗೆ ಅದು ಬೇಕಾಗೇ ಇಲ್ಲ, ತೂತಿನ ಅಂಚಿಗೇ ಉಗುರು ಸಿಕ್ಕಿಸಿ ಒಳಗೆ ಹೋಗುತ್ತೆ. ಕಡ್ಡಿಯಿಂದ ಅನುಕೂಲ ಆಗುವುದು ಮರಿ ಕದಿಯಲು ಬರುವ ಕಾಗೆಗೆ. ಕಾಳಿನ ಬಟ್ಟಲು ಅದಕ್ಕಿಂತ ಕೆಟ್ಟ ಐಡಿಯಾ. ಗೂಡಿನ ಬಾಗಿಲಲ್ಲೇ ಊಟ ಇಟ್ಟರೆ ಊರಿನ ಅಳಿಲು, ಕಾಗೆ ಎಲ್ಲಾ ಬಂದು ಕೂರುತ್ತವೆ. ಅದೂ ಅಲ್ಲದೆ ಮರಿಗಳಿಗೆ ಗುಬ್ಬಚ್ಚಿ ತಿನ್ನಿಸುವುದು ಜಾಸ್ತಿ ಹುಳುಹುಪ್ಪಟೆಯನ್ನೇ, ಕಾಳನ್ನಲ್ಲ.

ಹೊಗಳಬೇಕಾದ ಸಂಗತಿಯೂ ಒಂದಿದೆ. ತಳದಿಂದ ತೂತಿನವರೆಗೆ 14 ಸೆಂ.ಮೀ. ಆಳ ಕೊಟ್ಟಿದ್ದಾರೆ. ಮರಿ ಬೇಗ ಹೊರಗೆ ಬೀಳಲ್ಲ, ಬೆಕ್ಕು ಪಂಜ ಹಾಕಿದರೂ ಸುಲಭಕ್ಕೆ ಸಿಗಲ್ಲ. ಇಷ್ಟು ತಿಳಿದವರು ಉಳಿದದ್ದನ್ನು ಯಾಕೆ ಹಾಗೆ ಮಾಡಿದರೋ!

ಎರಡನೇ ವರ್ಷ ಒಂದು ಭಾನುವಾರ ಮೂರನ್ನೂ ಇಳಿಸಿಕೊಂಡು ಕೂತೆ. ಕಡ್ಡಿ ಕುಯ್ದೆ, ಬಟ್ಟಲು ಕಿತ್ತೆ. ಪೈಪಿಗೆ ತೂತು ಹೊಡೆಯಲು ಇಟ್ಟುಕೊಂಡಿದ್ದ 32 ಮಿ.ಮೀ. ಹೋಲ್ ಸಾ ಇತ್ತಲ್ಲ, ಅದರಲ್ಲೇ ಹಲಗೆ ತುಂಡಿಗೆ ತೂತು ಕೊರೆದು ಹಳೇ ತೂತಿನ ಮೇಲೆ ಸ್ಕ್ರೂ ಮಾಡಿದೆ. ತಳದ ನಾಲ್ಕು ಮೂಲೆಗೂ ನೀರು ಇಳಿಯಲು ಸಣ್ಣ ತೂತು, ಚಾವಣಿಯ ಕೆಳಗೆ ಗಾಳಿಗೆ ಎರಡು. ಒಳಗಿನ ಬಣ್ಣ ಉಜ್ಜಿ ತೆಗೆದು, ಮರಿಗಳು ಕಾಲೂರಿ ಹತ್ತಲಿ ಅಂತ ತೂತಿನ ಕೆಳಗೆ ಅಡ್ಡಡ್ಡ ಗೀರು ಹಾಕಿದೆ. ಚಾವಣಿಗೆ ಮೊಳೆ ಹೊಡೆದು ಮುಚ್ಚಿದ್ದರು. ಆಮೇಲೆ ಕ್ಲೀನ್ ಮಾಡುವುದು ಹೇಗೆ ಅಂತ ಒಬ್ಬರೂ ಯೋಚಿಸಿಲ್ಲ! ಮೊಳೆ ಕಿತ್ತು ಹಿಂಜ್ ಹಾಕಿದೆ. ಹೊರಗೆ ಇನ್ನೊಂದು ಪದರ ಹಲಗೆಯನ್ನೂ ಹೊಡೆದೆ. ಪೆಟ್ಟಿಗೆ ಚೆಂದ ಕಳೆದುಕೊಂಡಿತು, ಬಿಡಿ.

ಈ ಸಲ ಮಧ್ಯಾಹ್ನದ ಬಿಸಿಲು ಬೀಳದ ಪೂರ್ವದ ಗೋಡೆಗೆ, ಸಜ್ಜದ ಕೆಳಗೆ, 3 ಮೀಟರ್ ಎತ್ತರದಲ್ಲಿ ಹಾಕಿದೆ. ಗುಬ್ಬಚ್ಚಿಗೆ ಅಕ್ಕಪಕ್ಕ ಬಳಗ ಇದ್ದರೆ ಇಷ್ಟ, ಹಾಗಾಗಿ ಮೂರನ್ನೂ ಒಂದೇ ಸಾಲಿಗೆ. ಬೋರ್ಡು ಖಾಲಿ ಇರುವಾಗಲೇ ಕೇಬಲ್ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಸಂದಿಲ್ಲದ ಹಾಗೆ ಕೂರುವ ಬಿರಡೆ) ಹಾಕಿ ಮುಚ್ಚಿದೆ.

ಹನ್ನೆರಡನೇ ದಿನ ನಡುವಿನ ಪೆಟ್ಟಿಗೆಯೊಳಗೆ ಹುಲ್ಲು ಹೋಯಿತು. ಆಮೇಲೆ ನಮ್ಮ ಒಗೆದ ಬಟ್ಟೆಯ ದಾರ, ಕೋಳಿ ಪುಕ್ಕ, ನನ್ನ ಕೆಲಸದ ಚೀಲದಿಂದ ಬಿದ್ದ ಸೆಣಬಿನ ಎಳೆ. ಮೊಟ್ಟೆ ಎಷ್ಟಿತ್ತೋ ನೋಡಲಿಲ್ಲ, ಆ ಹೊತ್ತಲ್ಲಿ ಮುಚ್ಚಳ ತೆಗೆಯಬಾರದು. ಒಂದು ದಿನ ಒಳಗಿಂದ ಚೀಂವ್‌ಗುಟ್ಟುವುದು ಕೇಳಿಸಿತು. ಅಲ್ಲಿಂದ ಗಂಡು, ಹೆಣ್ಣು ಎರಡಕ್ಕೂ ಪುರಸೊತ್ತೇ ಇಲ್ಲ. ಹುಳು ತರುವುದು, ಹೋಗುವಾಗ ಮರಿಯ ಹಿಕ್ಕೆಯನ್ನು ಕೊಕ್ಕಲ್ಲಿ ಕಚ್ಚಿಕೊಂಡು ಹೋಗಿ ದೂರ ಬಿಸಾಡುವುದು. ಹದಿನೈದನೇ ದಿನ ಬೆಳಿಗ್ಗೆ ಸದ್ದು ನಿಂತಿತ್ತು. ಮೂರು ಮರಿಗಳು ಎದುರಿನ ತಂತಿಯ ಮೇಲೆ ರೆಕ್ಕೆ ಬಡಿಯುತ್ತಾ ಕೂತಿದ್ದವು. ಸೀಸನ್ ಪೂರ್ತಿ ಮುಗಿದ ಮೇಲೆ ಮಾಸ್ಕ್ ಕಟ್ಟಿಕೊಂಡು ಹಳೇ ಹುಲ್ಲು ತೆಗೆದು, ಬರೀ ಕುದಿವ ನೀರು ಹಾಕಿ ತೊಳೆದು ಒಣಗಿಸಿದೆ.

ಬಂದ ಹಾಗೇ ತೂಗು ಹಾಕಿದರೆ ಈ ಪೆಟ್ಟಿಗೆಗೆ ಐದಕ್ಕೆ ಒಂದು ಸ್ಟಾರ್. ಕೈಯಲ್ಲಿ ಡ್ರಿಲ್ಲು, ಒಂದು ಭಾನುವಾರ ಇರುವವರಿಗೆ ಮೂರು. ಇವೆರಡೂ ಇಲ್ಲದವರು ಪರಿಚಯದ ಬಡಗಿಗೆ ಅಳತೆ ಬರೆದುಕೊಡಿ, ಇದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತಾರೆ. ಮಾರಿದವರಿಗೆ ಕಡ್ಡಿಯ ವಿಷಯ ಬರೆದಿದ್ದೆ. "ಕಡ್ಡಿ ಇಲ್ಲದಿದ್ದರೆ ಗಿರಾಕಿಗಳು ಡ್ಯಾಮೇಜ್ ಅಂತ ವಾಪಸ್ ಕಳಿಸುತ್ತಾರೆ ಸರ್" ಅಂತ ಉತ್ತರ ಬಂತು.