ಸಂಜೆಯ ತಿಳಿಗಡಲನ್ನು ನಂಬಿ ಲಂಗರು ಹಾಕಬೇಡಿ

ಕ್ರೊಯೇಷಿಯಾದ ಕರಾವಳಿಯಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು ವಾರವಿಡೀ ದ್ವೀಪದಿಂದ ದ್ವೀಪಕ್ಕೆ ತಿರುಗುವ ಯೋಚನೆ ನಿಮಗಿದ್ದರೆ, ಮುಂಗಡ ಕಟ್ಟುವ ಮೊದಲು ಇದನ್ನು ಓದಿ. ಮ್ಯೂನಿಕ್‌ನಲ್ಲಿ ನನಗೆ ಗೊತ್ತಿರುವ ಮೂರು ಕನ್ನಡ ಕುಟುಂಬಗಳು ಈ ವರ್ಷ ಹೊರಟಿವೆ. ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ.

ಹೋದ ಸೆಪ್ಟೆಂಬರಿನ ಕೊನೆಯಲ್ಲಿ ನಾವು ನಾಲ್ವರು ಸ್ಪ್ಲಿಟ್ ನಗರದ ಹತ್ತಿರದ ಮರೀನಾದಿಂದ, ಅಂದರೆ ವಿಹಾರದ ದೋಣಿಗಳು ತಂಗುವ ಬಂದರಿನಿಂದ, 38 ಅಡಿಯ ದೋಣಿಯಲ್ಲಿ ಹೊರಟೆವು. ನನ್ನ ಬಳಿ ಜರ್ಮನಿಯ ಕಡಲ ದೋಣಿ ಪರವಾನಗಿ ಇತ್ತು, ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊ ಬಳಸುವ ಪ್ರಮಾಣಪತ್ರವೂ ಇತ್ತು. ಕ್ರೊಯೇಷಿಯಾದಲ್ಲಿ ಇವೆರಡೂ ಸಾಕು. ಆದರೆ ಆ ಪರವಾನಗಿಗಾಗಿ ನಾನು ಪರೀಕ್ಷೆ ಕೊಟ್ಟದ್ದು ಸಣ್ಣ ಮೋಟಾರು ದೋಣಿಯಲ್ಲಿ. ನೀರಿಗೆ ಬಿದ್ದವರನ್ನು ಎತ್ತುವುದು, ದಕ್ಕೆಗೆ ತರುವುದು, ಗಂಟು ಹಾಕುವುದು, ಇಷ್ಟನ್ನೇ ನೋಡಿದರು. ಲಂಗರನ್ನು ಒಮ್ಮೆಯೂ ಹಾಕಿಸಲಿಲ್ಲ. ಕಾಗದ ಕೈಯಲ್ಲಿದೆ ಎಂದರೆ ರಾತ್ರಿಯ ಕಡಲು ಗೊತ್ತಿದೆ ಎಂದಲ್ಲ.

ಮೂರನೆಯ ದಿನ ಹ್ವಾರ್ ಪಟ್ಟಣದ ಎದುರಿನ ಪಾಕ್ಲೆನಿ ದ್ವೀಪಗಳಿಗೆ ಬಂದೆವು. ಅಲ್ಲಿ ಸ್ವೇತಿ ಕ್ಲೆಮೆಂಟ್ ಎಂಬ ದ್ವೀಪದ ಬಡಗು ಮಗ್ಗುಲಲ್ಲಿ ಪಾಲ್ಮಿಜಾನಾ ಮರೀನಾ ಇದೆ. ತೆಂಕು ಮಗ್ಗುಲಲ್ಲಿ ವಿನೊಗ್ರಾದಿಶ್ಚೆ ಎಂಬ ಸುಂದರವಾದ ಕೊಲ್ಲಿ. ಎರಡರ ನಡುವೆ ಪೈನ್ ಮರಗಳ ದಿಬ್ಬವನ್ನು ದಾಟುವ ಒಂದು ಕಾಲುದಾರಿ, ಅಷ್ಟೆ. ಮರೀನಾದಲ್ಲಿ ಒಂದು ರಾತ್ರಿಗೆ ನೂರು ಯೂರೋಗಿಂತ ಹೆಚ್ಚು ಕೊಡಬೇಕಾಗಿತ್ತು. ಅದನ್ನು ಉಳಿಸೋಣವೆಂದು ಕೊಲ್ಲಿಗೆ ಹೋದೆವು. ಒಳಗೆ ದೋಣಿ ಕಟ್ಟಲು ಬಿಟ್ಟಿರುವ ತೇಲುಬುರುಡೆಗಳು, ಅಂದರೆ ಬೋಯ್‌ಗಳು, ಎಲ್ಲ ತುಂಬಿದ್ದವು. ಅವುಗಳ ಹೊರಗೆ, ಕೊಲ್ಲಿಯ ಬಾಯಿಯ ಕಡೆ, 8 ಮೀಟರ್ ಆಳದಲ್ಲಿ ಲಂಗರು ಇಳಿಸಿದೆ. ನೀರು ಕನ್ನಡಿಯಂತಿತ್ತು. ಅಡುಗೆ ಮಾಡಿ, ಉಂಡು, ಮಲಗಿದೆವು.

ನಾನು ಹುಟ್ಟಿದ್ದು ಕುಂದಾಪುರದ ಕಡೆ. ಕಡಲೆಂದರೆ ಭರತ ಇಳಿತವೆಂದೇ ನನ್ನ ಲೆಕ್ಕ. ಕ್ರೊಯೇಷಿಯಾದ ಆಡ್ರಿಯಾಟಿಕ್ ಕಡಲಿನ ಆ ಭಾಗದಲ್ಲಿ ನೀರು ಏರಿ ಇಳಿಯುವುದು ಗೇಣುದ್ದ ಮಾತ್ರ. ಅಲ್ಲಿ ಎಲ್ಲವನ್ನೂ ನಿರ್ಧರಿಸುವುದು ಗಾಳಿ. ಈಶಾನ್ಯದ ಬೆಟ್ಟಗಳಿಂದ ಧುಮ್ಮಿಕ್ಕುವ ಬೂರಾ, ಆಗ್ನೇಯದಿಂದ ಮೋಡ ಹೊತ್ತು ಬರುವ ಯೂಗೊ, ಬೇಸಿಗೆಯ ಮಧ್ಯಾಹ್ನಗಳಲ್ಲಿ ವಾಯವ್ಯದಿಂದ ಬೀಸುವ ಮಯೆಸ್ತ್ರಾಲ್. ಕೊಲ್ಲಿಯ ಬಾಯಿ ಯಾವ ದಿಕ್ಕಿಗಿದೆ, ಇಂದು ರಾತ್ರಿ ಯಾವ ಗಾಳಿ ಬರಲಿದೆ ಎಂಬುದನ್ನು ಕೂಡಿಸಿ ನೋಡದೆ ಅಲ್ಲಿ ಲಂಗರು ಹಾಕಬಾರದು. ವಿನೊಗ್ರಾದಿಶ್ಚೆಯ ಬಾಯಿ ತೆಂಕಣಕ್ಕಿದೆ. ಅಂದು ರಾತ್ರಿ ಯೂಗೊ ಬಲಗೊಳ್ಳುತ್ತದೆ ಎಂದು ಬೆಳಗಿನ ಮುನ್ಸೂಚನೆಯಲ್ಲೇ ಇತ್ತು. ನಾನು ಹಗಲಿನ ಸಾಲುಗಳನ್ನು ಓದಿ ಮೊಬೈಲ್ ಮುಚ್ಚಿದ್ದೆ. ಸ್ಪ್ಲಿಟ್ ಕರಾವಳಿ ರೇಡಿಯೊ ದಿನಕ್ಕೆ ಮೂರು ಬಾರಿ ಇಂಗ್ಲಿಷಿನಲ್ಲೂ ಹವಾಮಾನ ಹೇಳುತ್ತದೆ. ಸಂಜೆಯದನ್ನು ಕೇಳಿದ್ದರೆ ಸಾಕಿತ್ತು.

ರಾತ್ರಿ ಎರಡು ಗಂಟೆಯ ಹೊತ್ತಿಗೆ ಸರಪಳಿ ಕಲ್ಲಿನ ಮೇಲೆ ಉಜ್ಜುವ ಸದ್ದಿಗೆ ಎಚ್ಚರವಾಯಿತು. ಮೇಲೆ ಬಂದರೆ ದೋಣಿ ಹಿಂದು ಹಿಂದಾಗಿ ಬೋಯ್‌ಗಳ ಸಾಲಿನೊಳಗೆ ಸರಿಯುತ್ತಿತ್ತು. ಎಂಜಿನ್ ಹಚ್ಚಿದೆ. ಯಾವುದೋ ಬೋಯ್‌ನ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. ಪಕ್ಕದ ದೋಣಿಗೆ ಬಡಿಯದಂತೆ ತಡೆಯಲು ನನ್ನ ಹೆಂಡತಿ ಕೈ ಚಾಚಿದಳು. ಎರಡು ದೋಣಿಗಳ ನಡುವೆ ಅವಳ ಅಂಗೈ ಸಿಕ್ಕಿತು. ಮೂಳೆ ಮುರಿಯಲಿಲ್ಲ, ಆದರೆ ಆ ಕೂಗು ನನಗೆ ಇಂದಿಗೂ ಕೇಳಿಸುತ್ತದೆ. ಏಳೆಂಟು ಟನ್ ತೂಕದ ದೋಣಿಯನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಡೆಯಲು ಯಾರನ್ನೂ ಬಿಡಬೇಡಿ. ದೋಣಿಗಳ ನಡುವೆ ಫೆಂಡರ್, ಅಂದರೆ ಗಾಳಿ ತುಂಬಿದ ಮೆತ್ತೆ, ಒತ್ತಿ, ಅದು ಸಿಗದಿದ್ದರೆ ದೋಣಿ ಒಡೆಯಲಿ. ಚುಕ್ಕಾಣಿಯ ತುದಿ ಬಂಡೆಗೆ ಎರಡು ಬಾರಿ ತಾಗಿತು. ಪಕ್ಕದ ದೋಣಿಯವರು ಬೈಯದೆ ಹಗ್ಗ ಎಸೆದು, ಬೆಳಗಾಗುವವರೆಗೆ ನಮ್ಮನ್ನು ಹಿಡಿದಿಟ್ಟುಕೊಂಡರು. ಅವರಿಲ್ಲದಿದ್ದರೆ ರೇಡಿಯೊದಲ್ಲಿ ಅಪಾಯದ ಕರೆಗೆ ಮೀಸಲಾದ 16ನೇ ಚಾನೆಲ್‌ನಲ್ಲಿ ಕೂಗಬೇಕಿತ್ತು. ಮೊಬೈಲ್‌ನಿಂದಾದರೆ ಅಲ್ಲಿನ ಕಡಲ ರಕ್ಷಣೆಯ ಸಂಖ್ಯೆ 195. ನನಗೆ ಆ ಸಂಖ್ಯೆ ಆಗ ಬಾಯಿಪಾಠವಿರಲಿಲ್ಲ.

ಬೆಳಿಗ್ಗೆ ಲಂಗರು ಎತ್ತಿದಾಗ ಅದರ ತುಂಬ ಕಡಲಹುಲ್ಲು. ಪೊಸಿಡೋನಿಯಾ ಎಂಬ ಈ ಹುಲ್ಲಿನ ಹಾಸಿನ ಮೇಲೆ ಲಂಗರು ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ, ಹುಲ್ಲಿಗೂ ಹಾನಿ. ಮೇಲಿನಿಂದ ನೋಡಿದರೆ ಅದು ಕಪ್ಪು ತೇಪೆ, ಮರಳಾದರೆ ತಿಳಿಬಣ್ಣ. ಬೆಳಕಿರುವಾಗಲೇ ಬಂದು ತಿಳಿಬಣ್ಣದ ಜಾಗವನ್ನು ಹುಡುಕಬೇಕು. ಲಂಗರು ಇಳಿಸಿದ ಮೇಲೆ ಎಂಜಿನ್ನನ್ನು ಹಿಂದಕ್ಕೆ ಜೋರಾಗಿ ಓಡಿಸಿ, ದಡದ ಎರಡು ಗುರುತುಗಳನ್ನು ಒಂದೇ ಗೆರೆಯಲ್ಲಿ ಹಿಡಿದು, ಅವು ಕದಲುತ್ತವೆಯೇ ಎಂದು ನೋಡಬೇಕು. ಈಜುಗನ್ನಡಕ ಹಾಕಿಕೊಂಡು ಈಜಿ ಹೋಗಿ ಲಂಗರು ಕಚ್ಚಿದೆಯೇ ಎಂದು ಕಣ್ಣಾರೆ ನೋಡುವುದು ಇನ್ನೂ ಒಳ್ಳೆಯದು. ದೋಣಿ ಜಾರಿದರೆ ಕೂಗುವ ಅಲಾರಂ ಮೊಬೈಲ್‌ನಲ್ಲಿ ಸಿಗುತ್ತದೆ, ಹಾಕಿಡಿ.

ಲಂಗರಿನ ಸರಪಳಿಯನ್ನು ಎಷ್ಟು ಉದ್ದ ಬಿಡಬೇಕೆಂಬ ಲೆಕ್ಕ ಇನ್ನೂ ಮುಖ್ಯ. ನೀರಿನ ಆಳ 8, ನೀರಿನಿಂದ ದೋಣಿಯ ಮೂತಿಗೆ 1, ಒಟ್ಟು 9 ಮೀಟರ್. ಶಾಂತ ರಾತ್ರಿಗೂ ಅದರ ಐದು ಪಟ್ಟು, ಅಂದರೆ 45 ಮೀಟರ್ ಬೇಕು. ಗಾಳಿಯಿದ್ದರೆ ಏಳು ಪಟ್ಟು, 63. ದೋಣಿಯಲ್ಲಿದ್ದ ಸರಪಳಿಯೇ 50. ನಾನು ಬಿಟ್ಟದ್ದು ಹೆಚ್ಚೆಂದರೆ 30. ಆ ಗಾಳಿಗೆ ಆ ಜಾಗವನ್ನೇ ಬಿಟ್ಟು, ಬೆಳಕಿರುವಾಗ ದ್ವೀಪ ಸುತ್ತಿ ಮರೀನಾಕ್ಕೆ ಹೋಗಬೇಕಿತ್ತು.

ಠೇವಣಿಯ ಮಾತನ್ನೂ ಹೇಳಬೇಕು. ವಾಪಸು ಬಂದಾಗ ಬಾಡಿಗೆಯವರ ಮುಳುಗುಗಾರ ತಳ ನೋಡಿದ. ನಾವು ಕಟ್ಟಿದ್ದ 2,000 ಯೂರೋ ಪೂರ್ತಿ ಹೋಯಿತು. ಚುಕ್ಕಾಣಿಯ ಪೆಟ್ಟು ನಮ್ಮದೇ, ಒಪ್ಪಿದೆ. ಆದರೆ ಪಕ್ಕೆಯ ಹಳೆಯ ಗೀರುಗಳನ್ನೂ ನಮ್ಮ ತಲೆಗೆ ಕಟ್ಟಿದರು. ಹೊರಡುವ ದಿನ ತೆಗೆದ ಒಂದು ಫೋಟೊ ಕೂಡ ನನ್ನ ಬಳಿ ಇರಲಿಲ್ಲ. ಠೇವಣಿಗೆ ಪ್ರತ್ಯೇಕ ವಿಮೆ ಸಿಗುತ್ತದೆ, ಮಾಡಿಸಿ.

ಹೊರಡುವ ಶನಿವಾರ ನಿಮಗೆ ದೋಣಿ ಒಪ್ಪಿಸುವಾಗ ಬಾಡಿಗೆಯವರು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಲು ನೋಡುತ್ತಾರೆ. ನಿಮ್ಮ ಹಿಂದೆ ಇನ್ನೂ ಹತ್ತು ಕುಟುಂಬಗಳು ಕಾದಿರುತ್ತವೆ. ಸಂಕೋಚಪಡಬೇಡಿ. ಲಂಗರನ್ನು ಇಳಿಸಿ ತೋರಿಸಿ ಎನ್ನಿ. ಸರಪಳಿ ಒಟ್ಟು ಎಷ್ಟು ಮೀಟರ್ ಇದೆ, ಎಷ್ಟೆಷ್ಟು ಮೀಟರಿಗೆ ಬಣ್ಣದ ಗುರುತಿದೆ ಎಂದು ಕೇಳಿ. ನಮ್ಮ ದೋಣಿಯಲ್ಲಿ ಆ ಬಣ್ಣ ಅಳಿಸಿಹೋಗಿತ್ತು. ನಿಮ್ಮದರಲ್ಲೂ ಅಳಿಸಿದ್ದರೆ, ಹೊರಡುವ ಮೊದಲು ದಕ್ಕೆಯ ಮೇಲೆ ಸರಪಳಿಯನ್ನು ಎಳೆದು ಹಾಸಿ, ಹತ್ತು ಹತ್ತು ಮೀಟರಿಗೆ ಒಂದೊಂದು ಬಣ್ಣದ ದಾರ ಕಟ್ಟಿಕೊಳ್ಳಿ.