ಲೋವರ್ ಮೇಲಿನ ಹೆಸರಿಗೆ 780 ಡಾಲರ್ ಕೊಟ್ಟು ಕೂತಿದ್ದೇನೆ

ಬರೆಯೋಣವೋ ಬೇಡವೋ ಅಂತ ಮೂರು ವಾರದಿಂದ ಒದ್ದಾಡುತ್ತಿದ್ದೆ. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ. ಆದರೆ ಮೊನ್ನೆ ಇಲ್ಲಿನ ಇನ್ನೊಬ್ಬ ಕನ್ನಡದ ಹುಡುಗ ಫೋನ್ ಮಾಡಿ, "ಅಣ್ಣಾ, ನಾನೂ ಒಂದು ಎಆರ್ (ಎಆರ್-15 ಥರದ ರೈಫಲ್) ತಗೋಬೇಕು ಅಂತಿದ್ದೀನಿ, ಒಂದು ಅಂಗಡಿಯಲ್ಲಿ ಒಳ್ಳೇ ಡೀಲ್ ಇದೆಯಂತೆ" ಅಂದ. ಯಾವ ಅಂಗಡಿ ಅಂತ ಕೇಳಿದೆ. ಅದೇ ಅಂಗಡಿ. ಹಾಗಾಗಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಆ ರಗಳೆ ನನಗೆ ಬೇಡ.

ಟೆಕ್ಸಾಸ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದು ಒಂದು ವರ್ಷ ಆಗಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದಾಗ ಪಾಯಿಂಟ್ 22 ರೈಫಲ್‌ನಲ್ಲಿ ನಾಲ್ಕಾರು ಗುಂಡು ಹೊಡೆದದ್ದು ಬಿಟ್ಟರೆ ನನಗೆ ಬಂದೂಕಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಇಲ್ಲಿ ಆಫೀಸಿನವರ ಜೊತೆ ರೇಂಜಿಗೆ ಹೋಗಿ ಹೋಗಿ ಆಸೆ ಹುಟ್ಟಿತು. ಬಜೆಟ್ 800 ಡಾಲರ್. ಅದರಲ್ಲಿ ರೈಫಲ್ಲೂ ಬರಬೇಕು, ಒಂದಿಷ್ಟು ಗುಂಡೂ ಬರಬೇಕು.

ಆಫೀಸಿನ ಒಬ್ಬ ಹಿರಿಯ ಮೊದಲೇ ಹೇಳಿದ್ದ. "ಮೊದಲನೇ ಸೆಮಿ ಆಟೋಮ್ಯಾಟಿಕ್ ಆದರೆ ರೂಗರ್ ಕಂಪನಿಯ ಪಾಯಿಂಟ್ 22 ರೈಫಲ್ 10/22 ತಗೋ. 1964ರಿಂದ ಮಾಡುತ್ತಿದ್ದಾರೆ, ಬೆಲೆ ಅರ್ಧ, ಗುಂಡೂ ಅಗ್ಗ. ಒಂದು ವರ್ಷ ಹೊಡಿ, ಆಮೇಲೆ ದೊಡ್ಡದು ನೋಡು." ನನಗೆ ಅದು ಮಕ್ಕಳ ಬಂದೂಕಿನ ಹಾಗೆ ಕಂಡಿತು. ಮನಸ್ಸಿನಲ್ಲೇ ನಕ್ಕೆ. ಆ ನಗುವಿಗೇ ಈಗ ದುಡ್ಡು ಕಟ್ಟಿದ್ದೇನೆ.

ಅಂಗಡಿಗೆ ಹೋದದ್ದು ಒಂದು ಶುಕ್ರವಾರ ಸಂಜೆ. ಕೌಂಟರಿನವನು ಮಾತಿನಲ್ಲಿ ಬೆಣ್ಣೆ. "ಫಸ್ಟ್ ರೈಫಲ್ಲಾ? ಕಂಗ್ರಾಟ್ಸ್!" ಅಂತ ಕೈ ಕುಲುಕಿದ. ಹಿಂದಿನ ಗೋಡೆಯಿಂದ ಒಂದು ಎಆರ್ ತೆಗೆದು ಮುಂದೆ ಇಟ್ಟ. ಉದ್ದನೆಯ ಹ್ಯಾಂಡ್‌ಗಾರ್ಡ್, ಮೇಲೆ ಗುರಿ ಹಿಡಿಯಲು ಕೆಂಪು ಚುಕ್ಕಿ ತೋರಿಸುವ ಒಂದು ರೆಡ್ ಡಾಟ್ ಸೈಟ್, ಮದುವೆ ಗಂಡಿನ ಹಾಗೆ ಸಿಂಗಾರ. ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕಂಪನಿಯ ಹೆಸರು ಚೆನ್ನಾಗಿ ಕೆತ್ತಿತ್ತು. ನಾನೂ ಕೇಳಿದ್ದ ಹೆಸರೇ. "ಯೂಸ್ಡ್, ಆದರೆ ನೂರು ಗುಂಡೂ ಹೊಡೆದಿಲ್ಲ. ಪೂರ್ತಿ ಮಿಲ್‌ಸ್ಪೆಕ್. 849. ಕ್ಯಾಶ್ ಆದರೆ 780. ಈ 200 ಡಾಲರಿನ ಸೈಟ್ ಫ್ರೀ" ಅಂದ.

ಮಿಲ್‌ಸ್ಪೆಕ್. ಈ ಒಂದು ಪದಕ್ಕೆ ನಾನು ಬಿದ್ದೆ. ಮಿಲಿಟರಿಗೆ ಹೋಗುವ ಗುಣಮಟ್ಟ ಅಂತ ಅರ್ಥ ಅಲ್ವಾ? ಏನಾದರೂ ಅಂದರೆ ಪೆದ್ದ ಅಂದುಕೊಂಡಾನು ಅಂತ ನಾನೂ ತಲೆಯಾಡಿಸಿ, "ಓ, ಮಿಲ್‌ಸ್ಪೆಕ್, ಗುಡ್" ಅಂದೆ. ಯಾವ ಭಾಗ ಮಿಲ್‌ಸ್ಪೆಕ್ ಅಂತ ಕೇಳಲಿಲ್ಲ. ಬ್ಯಾರೆಲ್ಲಾ? ಗುಂಡನ್ನು ಒಳಗೆ ತಳ್ಳುವ ಬೋಲ್ಟಾ? ಭುಜಕ್ಕೆ ಒರಗಿಸುವ ಸ್ಟಾಕ್ ಕೂರುವ ಟ್ಯೂಬಾ? ಕೇಳಲಿಲ್ಲ. ಕೇಳಬೇಕಿತ್ತು. ಡಬ್ಬ ಇಲ್ಲ, ಮ್ಯಾನ್ಯುಅಲ್ ಇಲ್ಲ, ಅದನ್ನೂ ಕೇಳಲಿಲ್ಲ.

ನಮ್ಮಜ್ಜ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆಗೆಸಿ ಹಲ್ಲು ಎಣಿಸದೆ ಟವೆಲ್ಲಿನ ಗಂಟು ಬಿಚ್ಚುತ್ತಿರಲಿಲ್ಲ. ಕೊಂಬಿಗೆ ಬಣ್ಣ ಹಚ್ಚಿದ್ದಾರೆ ಅಂದರೆ ಇನ್ನೆರಡು ಸಲ ಹಲ್ಲು ನೋಡುತ್ತಿದ್ದ. ಅವನ ಮೊಮ್ಮಗ ನಾನು.

ಬಂದೂಕು ಕೊಳ್ಳುವಾಗ ತುಂಬುವ ಸರ್ಕಾರಿ ಫಾರ್ಮ್ 4473 ತುಂಬಿದೆ. ಕ್ಯಾಲಿಬರ್, ಅಂದರೆ ಗುಂಡಿನ ಅಳತೆ ಅನ್ನುವ ಕಡೆ ಅವನು "ಮಲ್ಟಿ" ಅಂತ ಬರೆದ. ರಸೀದಿಯಲ್ಲೂ ಮಲ್ಟಿ. ನಾನು ಏನು ಅಂದುಕೊಂಡೆ ಗೊತ್ತಾ? ಬೇರೆ ಬೇರೆ ಗುಂಡು ಎಲ್ಲಾ ನಡೆಯುತ್ತೆ, ಭಾರೀ ಲಾಭ ಅಂತ! ಹೇಳಿಕೊಳ್ಳಲೂ ಮಾನ ಹೋಗುತ್ತೆ. ಲೋವರ್ (ಟ್ರಿಗರ್ ಇರುವ ಕೆಳಗಿನ ಅರ್ಧ) ಮೇಲೆ ಮಲ್ಟಿ ಅಂತ ಯಾಕೆ ಹಾಕುತ್ತಾರೆ ಅಂದರೆ, ಅದರ ಮೇಲೆ ಯಾವ ಅಪ್ಪರ್ (ಬ್ಯಾರೆಲ್ ಇರುವ ಮೇಲಿನ ಅರ್ಧ) ಕೂರಿಸುತ್ತೀರೋ ಅದರ ಮೇಲೆ ಕ್ಯಾಲಿಬರ್ ನಿಂತಿರುತ್ತೆ, ಅದಕ್ಕೆ. ಅಂದರೆ "ನನಗೆ ಗೊತ್ತಿಲ್ಲ, ಮೇಲಿನವನನ್ನು ಕೇಳಿ" ಅಂತ ಅರ್ಥ.

ನನ್ನ ಬ್ಯಾಕ್‌ಗ್ರೌಂಡ್ ಚೆಕ್ "ಡಿಲೇಡ್" ಅಂತ ಬಂತು. ಮಂಗಳವಾರದವರೆಗೆ ಕಾಯಬೇಕಾಯಿತು. ಆ ನಾಲ್ಕು ದಿನ ದೇವರು ಕೊಟ್ಟ ಅವಕಾಶ. ರೈಫಲ್ ಇನ್ನೂ ಅಂಗಡಿಯಲ್ಲೇ ಇತ್ತು. ಯಾರನ್ನಾದರೂ ಕರೆದುಕೊಂಡು ಹೋಗಿ ತೋರಿಸಬಹುದಿತ್ತು. ನಾನು ಏನು ಮಾಡಿದೆ? ಬೇಗ "ಪ್ರೊಸೀಡ್" ಬರಲಪ್ಪಾ ಅಂತ ಬೇಡಿಕೊಂಡೆ. ಫೋಟೋ ತೆಗೆದಿದ್ದೆನಲ್ಲ, ಅದನ್ನು ಗೆಳೆಯರ ವಾಟ್ಸಾಪ್ ಗುಂಪಿಗೂ ಹಾಕಿ ಮೆರೆದೆ.

ಮಂಗಳವಾರ ಕೈಗೆ ಬಂತು. ಹೊರಡುವಾಗ ಅವನೇ ಐದು ಡಬ್ಬ ಎಂ193 ಗುಂಡು ಕೊಟ್ಟ. ಅಳತೆ 5.56, ತೂಕ 55 ಗ್ರೇನ್. "ಇದನ್ನೇ ಹೊಡಿ, ಇದಕ್ಕೆ ಇದೇ ಸರಿ." ಈ ಮಾತು ನೆನಪಿಟ್ಟುಕೊಳ್ಳಿ. ಇದಕ್ಕೆ ಇದೇ ಸರಿ ಅಂದವನು ಅವನು.

ಮೊದಲ ಅನುಮಾನ ಬಂದದ್ದು ಸ್ಟಾಕ್‌ನಿಂದ. ಬೇರೆ ಕಡೆಯಿಂದ ಒಂದು ಮಿಲ್‌ಸ್ಪೆಕ್ ಸ್ಟಾಕ್ ತರಿಸಿದ್ದೆ. ಟ್ಯೂಬಿಗೆ ಹೋಗಲೇ ಇಲ್ಲ. ಒತ್ತಿದೆ, ತಿರುಗಿಸಿದೆ, ಎಣ್ಣೆ ಹಚ್ಚಿದೆ. ಹೋಗಲಿಲ್ಲ. ಮಿಲ್‌ಸ್ಪೆಕ್ ಟ್ಯೂಬಿನ ವ್ಯಾಸ 1.148 ಇಂಚು. ಕಮರ್ಷಿಯಲ್ ಟ್ಯೂಬ್ 1.168. ನನ್ನದು ಎರಡನೆಯದು. ಕಮರ್ಷಿಯಲ್ ಟ್ಯೂಬ್ ಇದ್ದರೆ ರೈಫಲ್ ಕೆಟ್ಟದ್ದು ಅಂತಲ್ಲ. ಆದರೆ "ಪೂರ್ತಿ ಮಿಲ್‌ಸ್ಪೆಕ್" ಅಂದಿದ್ದನಲ್ಲ? ಹೊಟ್ಟೆಯಲ್ಲಿ ಸಣ್ಣಗೆ ಚಳುಕ್ ಅಂದದ್ದು ಆಗ. ಆದರೂ ಸುಮ್ನೆ ಇದ್ದೆ. ಸಣ್ಣ ವಿಷಯ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ರೇಂಜಿನಲ್ಲಿ ಮೊದಲ ಗುಂಡು ಹೋಯಿತು. ಎರಡನೆಯದು ಸಿಕ್ಕಿಕೊಂಡಿತು. ಸರಿ ಮಾಡಿ ಮತ್ತೆ ಹೊಡೆದೆ, ಖಾಲಿ ಕೇಸ್ ಹೊರಗೆ ಬರದೆ ಒಳಗೇ ಕಚ್ಚಿಕೊಂಡಿತು. ಮ್ಯಾಗಜಿನ್ ಮುಗಿದರೂ ಬೋಲ್ಟ್ ಹಿಂದೆ ನಿಲ್ಲಲಿಲ್ಲ. ಸೆಮಿ ಆಟೋಮ್ಯಾಟಿಕ್ ಅಂತ ತಂದದ್ದು, ಪ್ರತಿ ಗುಂಡಿಗೂ ಕೈಯಲ್ಲಿ ಎಳೆಯಬೇಕಾಯಿತು. ಪಕ್ಕದ ಲೇನ್‌ನವರೆಲ್ಲ ತಿರುಗಿ ನೋಡುತ್ತಿದ್ದರು. ಫ್ರೀ ಸೈಟ್ ಬಗ್ಗೆ ಕೇಳಲೇಬೇಡಿ. ಮೂವತ್ತು ಗುಂಡಿಗೆ ಅದರ ಚುಕ್ಕಿ ಎಲ್ಲೋ, ತೂತು ಎಲ್ಲೋ.

ರೇಂಜಿನ ಸೇಫ್ಟಿ ಆಫೀಸರ್ ಬಂದ. ಅರವತ್ತರ ಆಸುಪಾಸಿನ ಮನುಷ್ಯ. ಖಾಲಿ ಮಾಡಿಸಿ, ಗುಂಡು ಕೂರುವ ಚೇಂಬರ್ ನೋಡಿ, ಪಿನ್ ತಳ್ಳಿ ರೈಫಲ್ ಬಿಚ್ಚಿದ. ಬೋಲ್ಟ್ ಕ್ಯಾರಿಯರ್ ಹೊರಗೆ ತೆಗೆದ. ಅದರ ನೆತ್ತಿ ಮೇಲೆ ಗ್ಯಾಸ್ ಕೀ ಅಂತ ಒಂದು ಸಣ್ಣ ಭಾಗ ಇರುತ್ತೆ, ಎರಡು ಸ್ಕ್ರೂ ಮೇಲೆ ಕೂತಿರುತ್ತೆ. ಆ ಸ್ಕ್ರೂ ಸಡಿಲ ಆಗದಿರಲಿ ಅಂತ ಸುತ್ತಲಿನ ಲೋಹವನ್ನೇ ಗುದ್ದಿ ಸ್ಕ್ರೂ ತಲೆಗೆ ಒತ್ತಿರುತ್ತಾರೆ. ಸ್ಟೇಕಿಂಗ್ ಅಂತಾರೆ. ನನ್ನದಕ್ಕೆ ಅದು ಇರಲೇ ಇಲ್ಲ. ಅವನು ಬೆರಳಿನಿಂದ ಮುಟ್ಟಿದ. ಅಲುಗಾಡಿತು. ಬೆರಳಿನಿಂದ! ಗುಂಡಿನ ಗ್ಯಾಸ್ ಅಲ್ಲೇ ಸೋರಿ ಹೋದರೆ ಬೋಲ್ಟ್ ಹಿಂದೆ ಹೋಗುವುದು ಹೇಗೆ?

"ಇದನ್ನು ಯಾರು ಬಿಲ್ಡ್ ಮಾಡಿದ್ದು?" ಅಂತ ಕೇಳಿದ.

"ಬಿಲ್ಡ್ ಅಲ್ಲ ಸರ್, ಕಂಪನಿ ರೈಫಲ್" ಅಂದೆ. ಹೆಸರು ತೋರಿಸಿದೆ.

ಅವನು ನಗಲಿಲ್ಲ, ಅದೊಂದು ಪುಣ್ಯ. "ಕಂಪನಿ ಹೆಸರು ಇರುವುದು ಲೋವರ್ ಮೇಲೆ ಮಾತ್ರ. ಮೇಲಿನ ಅರ್ಧ ಬೇರೆ ಯಾರದ್ದೋ" ಅಂದ.

ಅಲ್ಲಿ ನಿಂತಲ್ಲೇ ನಾನು ಕುಸಿದೆ. ಈಗ ಬರೆಯುವಾಗಲೂ ಕಿವಿ ಬಿಸಿ ಆಗುತ್ತಿದೆ. ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಎಆರ್‌ನ ಲೋವರ್ ರಿಸೀವರ್ ಒಂದೇ "ಬಂದೂಕು". ಸೀರಿಯಲ್ ನಂಬರ್ ಇರುವುದು ಅಲ್ಲೇ, ಕಂಪನಿ ಹೆಸರು ಇರುವುದೂ ಅಲ್ಲೇ. ಬ್ಯಾರೆಲ್, ಬೋಲ್ಟ್, ಗ್ಯಾಸ್ ಟ್ಯೂಬ್ ಎಲ್ಲಾ ಬರೀ ಬಿಡಿಭಾಗ. ಆದರೆ ಗುಂಡು ಹೋಗುವುದು, ಒತ್ತಡ ತಡೆಯುವುದು, ಗುರಿ ಕೂರುವುದು ಎಲ್ಲಾ ಮೇಲಿನ ಅರ್ಧದಲ್ಲಿ. ಒಳ್ಳೇ ಕಂಪನಿಯ ಖಾಲಿ ಲೋವರ್ ಒಂದನ್ನು ನೂರು ಚಿಲ್ಲರೆ ಡಾಲರಿಗೆ ತಂದು, ಅದರ ಮೇಲೆ ಮೂಲೆಯಲ್ಲಿ ಬಿದ್ದಿದ್ದ ಅಗ್ಗದ ಅಪ್ಪರ್ ಕೂರಿಸಿದರೆ ಪಕ್ಕದಿಂದ ನೋಡುವವನಿಗೆ ಅದು ಆ ಕಂಪನಿಯ ರೈಫಲ್ಲೇ. ನಾನು ಪಕ್ಕದಿಂದ ನೋಡಿದೆ.

ಅವನು ಟಾರ್ಚ್ ತಂದು ಹ್ಯಾಂಡ್‌ಗಾರ್ಡಿನ ತೂತಿನೊಳಗೆ ಬೆಳಕು ಬಿಟ್ಟ. ಬ್ಯಾರೆಲ್ ಮೇಲಿನ ಅಕ್ಷರ ಕಂಡಿತು. ".223 ರೆಮ್." 5.56 ಅಂತ ಎಲ್ಲೂ ಇಲ್ಲ. ನೆಲದ ಮೇಲೆ ಬಿದ್ದಿದ್ದ ನನ್ನ ಕೇಸ್‌ಗಳನ್ನು ಎತ್ತಿ ಹಿಂಭಾಗ ನೋಡಿದ. ಕಿಡಿ ಕೊಡುವ ಪ್ರೈಮರ್ ಚಪ್ಪಟೆಯಾಗಿತ್ತು, ಒತ್ತಡ ಜಾಸ್ತಿಯಾದ ಗುರುತು. "ಇವತ್ತಿಗೆ ಸಾಕು ಮಗಾ" ಅನ್ನುವ ಧಾಟಿಯಲ್ಲಿ ರೈಫಲ್ ಕೇಸಿಗೆ ಹಾಕಿಸಿದ.

ಗೊತ್ತಿಲ್ಲದವರಿಗೆ: ಈ ಎರಡು ಗುಂಡು ನೋಡಲು ಒಂದೇ ಥರ, ಒಂದೇ ಚೇಂಬರಿಗೆ ಹೋಗಿ ಕೂರುತ್ತವೆ. ಆದರೆ 5.56 ಚೇಂಬರಿನಲ್ಲಿ ಗುಂಡಿನ ತಲೆಗೂ ಬ್ಯಾರೆಲ್ಲಿನ ಗೀರು ಶುರುವಾಗುವ ಜಾಗಕ್ಕೂ ಮಧ್ಯೆ ಸ್ವಲ್ಪ ಜಾಸ್ತಿ ಅಂತರ ಬಿಟ್ಟಿರುತ್ತಾರೆ. .223 ಚೇಂಬರಿನಲ್ಲಿ ಅಷ್ಟು ಇರುವುದಿಲ್ಲ. ಅದಕ್ಕೇ .223 ಗುಂಡನ್ನು 5.56 ರೈಫಲ್‌ನಲ್ಲಿ ಹೊಡೆಯಬಹುದು, ಉಲ್ಟಾ ಮಾಡಬಾರದು. ಒತ್ತಡ ಏರುತ್ತೆ. ನಾನು ಉಲ್ಟಾ ಮಾಡುತ್ತಿದ್ದೆ. ಕೆನ್ನೆಯನ್ನು ಅದಕ್ಕೇ ಒತ್ತಿಕೊಂಡು.

ಅದೇ ಸಂಜೆ ಅಂಗಡಿಗೆ ಹೋದೆ. ಇನ್ನು ಅವರ ಉತ್ತರಗಳನ್ನು ಕೇಳಿ. ಒಂದೊಂದೂ ನನಗೆ ಬಾಯಿಪಾಠ ಆಗಿದೆ.

ಮೊದಲು: "ಎಣ್ಣೆ ಹಾಕಿದ್ದೀರಾ?" ಹಾಕಿದ್ದೆ. ಆಮೇಲೆ: "ಹೊಸ ರೈಫಲ್ ಪಳಗಬೇಕು, 500 ಗುಂಡು ಹೊಡೀರಿ, ಸರಿ ಹೋಗುತ್ತೆ." ಅಲ್ಲಾ ಸ್ವಾಮಿ, ಶುಕ್ರವಾರ ಅದು ಯೂಸ್ಡ್ ಆಗಿತ್ತು, ಈಗ ಹೊಸದಾಯಿತಾ? ಗ್ಯಾಸ್ ಕೀ ತೋರಿಸಿದೆ. "ಅದು ಟೈಟ್ ಮಾಡಿಕೊಂಡರೆ ಆಯ್ತು." ಬ್ಯಾರೆಲ್ ತೋರಿಸಿದೆ. ಆಗ ಬಂತು ನೋಡಿ ಮಾತು.

"ನೀವು .223 ಚೇಂಬರಿನಲ್ಲಿ 5.56 ಹೊಡೆದಿದ್ದೀರಾ? ಹಾಗೆಲ್ಲಾ ಮಾಡಬಾರದು. ಅದಕ್ಕೆ ನಾವು ಹೊಣೆ ಅಲ್ಲ."

ನೀವೇ ಕೊಟ್ಟ ಡಬ್ಬ! ಅದೇ ಕೌಂಟರ್, ಅದೇ ಮನುಷ್ಯ! "ಇದಕ್ಕೆ ಇದೇ ಸರಿ" ಅಂತ ನೀವೇ ಹೇಳಿದ್ದು ಅಂದೆ. ಧ್ವನಿ ಏರಿತ್ತು, ಒಪ್ಪುತ್ತೇನೆ. ಅವನು ಒಂದು ಚೂರೂ ಕದಲಲಿಲ್ಲ. "ನಾನು ಗುಂಡು ಮಾರಿದೆ ಅಷ್ಟೇ. ನಿಮ್ಮ ರೈಫಲ್ ಯಾವ ಗುಂಡು ತಿನ್ನುತ್ತೆ ಅಂತ ತಿಳಿದುಕೊಳ್ಳುವುದು ಓನರ್ ಜವಾಬ್ದಾರಿ." ಓನರ್ ಅಂತೆ. ಒಂದು ವಾರದ ಓನರ್.

ವಾಪಸ್ ತಗೊಳ್ಳಿ ಅಂದೆ. ರಸೀದಿಯ ಕೆಳಗೆ ಬೆರಳಿಟ್ಟ. "ಆಸ್ ಈಸ್. ಆಲ್ ಸೇಲ್ಸ್ ಫೈನಲ್." ಇರುವೆಯಷ್ಟು ಸಣ್ಣ ಅಕ್ಷರ. ಮೇಲೆ ಕಂಪನಿ ಹೆಸರು, ಮಾಡೆಲ್, ಮಲ್ಟಿ. ಅಂದರೆ ಲೋವರ್ ಮೇಲೆ ಏನಿದೆಯೋ ಅದನ್ನೇ ಇಳಿಸಿದ್ದಾನೆ. ರಸೀದಿಯಲ್ಲಿ ಒಂದು ಸುಳ್ಳೂ ಇಲ್ಲ. ಸುಳ್ಳೆಲ್ಲಾ ಬಾಯಿಮಾತು. ಮಿಲ್‌ಸ್ಪೆಕ್ ಅಂದದ್ದು ಬಾಯಲ್ಲಿ, ನೂರು ಗುಂಡು ಅಂದದ್ದು ಬಾಯಲ್ಲಿ. ಟೆಕ್ಸಾಸ್‌ನ ಜಸ್ಟಿಸ್ ಕೋರ್ಟಿನಲ್ಲಿ 20,000 ಡಾಲರ್ ತನಕದ ದಾವೆ ಹಾಕಬಹುದು, ಗೊತ್ತು. ಆದರೆ ನನ್ನ ಕೈಯಲ್ಲಿ ಕಾಗದದ ಮೇಲೆ ಏನಿದೆ? ಏನೂ ಇಲ್ಲ.

ಗನ್‌ಸ್ಮಿತ್ ಹತ್ತಿರ ಒಯ್ದೆ. 60 ಡಾಲರ್ ತಗೊಂಡು ಪಟ್ಟಿ ಕೊಟ್ಟ. ಗ್ಯಾಸ್ ಕೀ ಸಡಿಲ. ಹಿಂದಿನ ಟ್ಯೂಬನ್ನು ಹಿಡಿದಿಡುವ ಕ್ಯಾಸಲ್ ನಟ್‌ಗೂ ಸ್ಟೇಕಿಂಗ್ ಇಲ್ಲ. ಬೋಲ್ಟ್ ಮೇಲೆ ಪರೀಕ್ಷೆಯ ಗುರುತು ಯಾವುದೂ ಇಲ್ಲ. ಚೇಂಬರ್ .223 ನಿಜ. "ಸೈಟ್ ಆಟಿಕೆ" ಅಂತ ಕೊನೆಗೆ ಸೇರಿಸಿದ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಹೊಸ ಬೋಲ್ಟ್ ಕ್ಯಾರಿಯರ್, ಹೊಸ ಬ್ಯಾರೆಲ್ ಹಾಕಿ ಕೂರಿಸಿದರೆ ಎಷ್ಟಾಗುತ್ತೆ ಅಂತ ಕೇಳಿದೆ. ಲೆಕ್ಕ ಹೇಳಿದ. ಅದಕ್ಕಿಂತ ಪೂರ್ತಿ ಹೊಸ ಅಪ್ಪರ್ ತರುವುದೇ ಮೇಲು ಅಂತಲೂ ಹೇಳಿದ.

ಹೊಟ್ಟೆ ಉರಿಯುವುದು ಏನಕ್ಕೆ ಅಂದರೆ, ನಾನು ಕೊಟ್ಟ ದುಡ್ಡಿಗೆ ರೂಗರ್ ಎಆರ್ 556 ಹೊಸದೇ ಬರುತ್ತಿತ್ತು. ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 15 ಸ್ಪೋರ್ಟ್ ಕೂಡ ಅದೇ ಆಸುಪಾಸು. ಡಬ್ಬದ ಸಮೇತ, ಮ್ಯಾನ್ಯುಅಲ್ ಸಮೇತ, ಮೇಲೂ ಕೆಳಗೂ ಒಂದೇ ಕಾರ್ಖಾನೆಯಿಂದ. ಎರಡಕ್ಕೂ 5.56 ಚೇಂಬರ್. ತೊಂದರೆ ಬಂದರೆ ಕಂಪನಿಗೆ ಕಳಿಸಬಹುದು. ನನ್ನದನ್ನು ಯಾರಿಗೆ ಕಳಿಸಲಿ? ಲೋವರ್ ಕಂಪನಿಗೆ ಬರೆದೆ. ಮರ್ಯಾದೆಯಿಂದಲೇ ಉತ್ತರ ಕೊಟ್ಟರು: ಆ ಸೀರಿಯಲ್ ನಂಬರ್ ನಮ್ಮಿಂದ ಖಾಲಿ ಲೋವರ್ ಆಗಿ ಹೋದದ್ದು, ರೈಫಲ್ ಆಗಿ ಅಲ್ಲ. ಒಂದು ಇಮೇಲ್, ಒಂದು ದಿನ. ಆ ನಾಲ್ಕು ದಿನ ಕಾಯುವಾಗ ಇದೊಂದು ಇಮೇಲ್ ಹಾಕಿದ್ದರೆ ಮುಗಿದಿತ್ತು.

ಆ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲನೆಯದು ಯೂಸ್ಡ್ ಬೇಡ, ಅದರಲ್ಲೂ ಯಾರೋ ಜೋಡಿಸಿದ್ದು ಬೇಡವೇ ಬೇಡ. ಬೇಕೇ ಬೇಕು ಅಂದರೆ ಬೋಲ್ಟ್ ಹೊರಗೆ ತೆಗೆಸಿ, ಸ್ಕ್ರೂ ನೋಡಿ, ಬ್ಯಾರೆಲ್ ಮೇಲಿನ ಅಕ್ಷರ ಕಣ್ಣಾರೆ ಓದಿ. ಬಿಚ್ಚಿ ತೋರಿಸಲು ಅರ್ಧ ನಿಮಿಷ ಸಾಕು. ಆಗಲ್ಲ ಅಂದರೆ ಎದ್ದು ಬನ್ನಿ. "ಮಿಲ್‌ಸ್ಪೆಕ್" ಅಂದವನಿಗೆ ರಸೀದಿ ಮೇಲೆ ಬರೆದುಕೊಡಿ ಅನ್ನಿ, ಮುಖ ನೋಡಿ. ಫ್ರೀ ಸೈಟ್ ಕೊಡುವವನನ್ನು ನಂಬಬೇಡಿ. ಇನ್ನೊಂದು, ಇದು ನನ್ನ ಗೋಳಿಗೆ ಸಂಬಂಧ ಇಲ್ಲ, ಆದರೂ: ಎಚ್1ಬಿ ಥರದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವ ಹಾಗಿಲ್ಲ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ಗೆಳೆಯನ ಹೆಸರಲ್ಲಿ ತಗೊಂಡರಾಯಿತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಜೈಲಿಗೆ ಹೋಗುವ ಕೇಸು.

ಹೋದ ವಾರ ಕೊನೇ ಸಲ ಅಂತ ಅಂಗಡಿಗೆ ಮೆಸೇಜ್ ಹಾಕಿದೆ. ಗನ್‌ಸ್ಮಿತ್ ಪಟ್ಟಿ, ಬ್ಯಾರೆಲ್ ಫೋಟೋ, ಕಂಪನಿಯ ಉತ್ತರ, ಎಲ್ಲಾ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಮೊದಲು ಒಂದು ಹೆಬ್ಬೆಟ್ಟು. ಆಮೇಲೆ ಎರಡು ಸಾಲು: "ನಾವು ಯೂಸ್ಡ್ ರೈಫಲ್ ಕೊಂಡುಕೊಳ್ಳುತ್ತೇವೆ ಕೂಡ. ಈ ಕಂಡೀಷನ್‌ಗೆ 350 ಕೊಡಬಹುದು."

ಕೊಡಲಿಲ್ಲ. ಕೊಟ್ಟರೆ ಮತ್ತೆ ಆ ಗೋಡೆಗೇ ಹೋಗುತ್ತೆ, ಆ ಹುಡುಗನಂಥ ಇನ್ನೊಬ್ಬನ ಕೈಗೆ ಬರುತ್ತೆ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಆಫೀಸಿನ ಹಿರಿಯನಿಗೆ ಇನ್ನೂ ಹೇಳಿಲ್ಲ. ಪ್ರತಿ ಶುಕ್ರವಾರ ಕೇಳುತ್ತಾನೆ, "ಹೇಗಿದೆ ರೈಫಲ್?" ಅಂತ.