ನುಣುಪು ಶೀಟ್ ಗೋಡೆಗೆ ಪಿಯು ಫೋಮ್: ಒಳಗೆ ತಂಪು, ಹೊರಗೆ ಹೊಟ್ಟೆ

ಪೀಣ್ಯ ಕಡೆಯ ಶೆಡ್ಡು. ಪಡುವಣ ಗೋಡೆ 12 ಮೀಟರ್ ಉದ್ದ, 6 ಮೀಟರ್ ಎತ್ತರ. ಹೊರಗೆ 0.5 ಮಿ.ಮೀ. ದಪ್ಪದ, ಗಾಢ ಬೂದು ಬಣ್ಣದ ಪ್ಲೇನ್ ಸ್ಟೀಲ್ ಶೀಟ್. ಅದರ ಬೆನ್ನಿಗೇ ನೇರವಾಗಿ ಗನ್‌ನಲ್ಲಿ ಹೊಡೆಸಿದ 50 ಮಿ.ಮೀ. ಪಾಲಿಯುರೆಥೇನ್ (ಪಿಯು) ಫೋಮ್, ಗುಳ್ಳೆಗಳು ಮುಚ್ಚಿಕೊಂಡಿರುವ ಕ್ಲೋಸ್ಡ್ ಸೆಲ್ ಬಗೆಯದು. ಮೂರು ಬೇಸಿಗೆ, ಮೂರು ಮಳೆಗಾಲ ಮುಗಿದಿವೆ. ಆರ್-ವ್ಯಾಲ್ಯೂ (ಶಾಖ ತಡೆಯುವ ಶಕ್ತಿ) ಲೆಕ್ಕವೆಲ್ಲ ಬ್ರೋಷರ್‌ನಲ್ಲೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ.

ತಂಪಿನ ವಿಷಯದಲ್ಲಿ ದೂರಿಲ್ಲ. ಏಪ್ರಿಲ್‌ನ ಇಳಿಹೊತ್ತಿನಲ್ಲಿ ಹೊರಗಿನ ಶೀಟ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಒಳಗೆ ಗೋಡೆಗೆ ಒರಗಿಕೊಂಡೇ ಟೀ ಕುಡಿಯಬಹುದು. ಡಿಸೆಂಬರ್ ಬೆಳಗಿನ ಜಾವ ಶೀಟಿನ ಒಳಮೈ ಬೆವರಿ ನೀರಿಳಿಯುತ್ತಿತ್ತು, ಅದು ನಿಂತಿತು. ನಿರೀಕ್ಷಿಸದೆ ಸಿಕ್ಕ ಲಾಭ ಬೇರೆಯದೇ. ಜೂನ್‌ನಲ್ಲಿ ಪಡುವಣದಿಂದ ಎರಚುವ ಮಳೆಗೆ ಡೋಲು ಬಡಿದಂತಾಗುತ್ತಿದ್ದ ಗೋಡೆ ಈಗ ಬರೀ ಗುಸುಗುಸು ಅನ್ನುತ್ತದೆ. ಮಳೆ ಬರುತ್ತಿದ್ದರೂ ಫೋನಿನಲ್ಲಿ ಕಿರುಚಬೇಕಾಗಿಲ್ಲ.

ಇನ್ನು ಸಂಜೆ ಐದಕ್ಕೆ ರಸ್ತೆಗೆ ಹೋಗಿ ನಿಂತು ಅದೇ ಗೋಡೆ ನೋಡಿ. ಓರೆ ಬಿಸಿಲಿನಲ್ಲಿ ಶೀಟ್ ಪೂರ್ತಿ ಅಲೆಅಲೆ. ಶೀಟ್ ಹಿಡಿದಿರುವ ಅಡ್ಡತೊಲೆಗಳಿಗೆ ಗರ್ಟ್ ಅನ್ನುತ್ತಾರೆ; ಎರಡು ಗರ್ಟ್‌ಗಳ ನಡುವೆ ಒಂದೊಂದು ಹೊಟ್ಟೆ. ಮೋಡ ಕವಿದ ದಿನ ಏನೂ ಕಾಣುವುದಿಲ್ಲ, ಹಾಗಾಗಿ ಕೆಲಸ ಮುಗಿದ ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಇದಕ್ಕೆ ಫೋಮ್ ಕಳಪೆಯೆಂಬುದು ಕಾರಣವಲ್ಲ. ಫೋಮ್ ಆಗುವ ಎರಡು ದ್ರವಗಳು, ಐಸೊಸಯನೇಟ್ ಮತ್ತು ರೆಸಿನ್, ಗನ್‌ನಲ್ಲಿ ಸಮಪಾಲಾಗಿ ಬೆರೆತ ಕೂಡಲೇ ಬಿಸಿ ಏಳುತ್ತದೆ. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಒಳಗಿನ ಬಿಸಿ 100 ಡಿಗ್ರಿ ದಾಟಬಹುದು. ಕಾದು ಹಿಗ್ಗಿದ ಶೀಟಿಗೆ ಫೋಮ್ ಆ ಸ್ಥಿತಿಯಲ್ಲೇ ಅಂಟಿ ಗಟ್ಟಿಯಾಗುತ್ತದೆ. ಆರುವಾಗ ಫೋಮ್ ಕುಗ್ಗಿ ತೆಳು ತಗಡನ್ನು ಒಳಕ್ಕೆ ಜಗ್ಗುತ್ತದೆ. ಆಮೇಲಿನದು ದಿನದಿನದ ಕಾಟ. ಸ್ಟೀಲ್ ಒಂದು ಡಿಗ್ರಿಗೆ ಮೀಟರಿಗೆ 12 ಮೈಕ್ರಾನ್ ಹಿಗ್ಗುತ್ತದೆ. ಬೆಳಗ್ಗೆ 20 ಇದ್ದದ್ದು ಸಂಜೆ 60 ಡಿಗ್ರಿಯಾದರೆ 6 ಮೀಟರ್ ಶೀಟ್ ಸುಮಾರು 3 ಮಿ.ಮೀ. ಉದ್ದವಾಗಬೇಕು. ಅಲ್ಯೂಮಿನಿಯಂ ಆಗಿದ್ದರೆ ಇದರ ಹತ್ತಿರಹತ್ತಿರ ಎರಡರಷ್ಟು. ಆದರೆ ಫೋಮ್ ಶೀಟನ್ನೂ ಗರ್ಟನ್ನೂ ಕ್ಲಿಪ್ಪನ್ನೂ ಒಟ್ಟಿಗೆ ಕಚ್ಚಿಕೊಂಡಿದೆ. ಸರಿಯಲು ಜಾಗವಿಲ್ಲದ ತಗಡು ಉಬ್ಬಲೇಬೇಕು. ಖಾಲಿ ಎಣ್ಣೆ ಡಬ್ಬದ ಬದಿ ಒತ್ತಿದಂತೆ ಬಿಸಿಲೇರುವಾಗ ಟಕ್ ಟಕ್ ಸದ್ದೂ ಕೇಳುತ್ತದೆ. ಏಣುಗಳಿರುವ ಟ್ರೆಪೆಜಾಯ್ಡಲ್ ಶೀಟಿನಲ್ಲಿ ಮಡಿಕೆಗಳೇ ಈ ಎಳೆತವನ್ನು ತಾಳಿಕೊಳ್ಳುತ್ತವೆ. ಪ್ಲೇನ್ ಶೀಟಿಗೆ ಆ ಬಲವೆಲ್ಲಿಂದ ಬರಬೇಕು?

ಅಲೆಗಿಂತ ದೊಡ್ಡ ತಲೆನೋವು ರಿಪೇರಿ. ಫೋರ್ಕ್‌ಲಿಫ್ಟ್ ತಾಗಿ ಒಂದು ಶೀಟ್ ನಜ್ಜುಗುಜ್ಜಾದರೆ ಸ್ಕ್ರೂ ಬಿಚ್ಚಿ ಬದಲಿಸುವಂತಿಲ್ಲ. ಉದ್ದ ಅಲಗಿನ ಗರಗಸದಲ್ಲಿ ಹಿಂಬದಿಯಿಂದ ಫೋಮ್ ಕೊಯ್ಯಬೇಕು, ಅದು ತುಂಡುತುಂಡಾಗಿಯೇ ಕಿತ್ತು ಬರುತ್ತದೆ. ಸ್ಕ್ರೂ ವಾಷರಿನ ರಬ್ಬರ್ ಸೀಳಿ ನೀರು ನುಗ್ಗಿದರೂ ಗೊತ್ತಾಗುವುದು ತಡವಾಗಿ, ಅದೂ ಎರಡು ಮೀಟರ್ ಆಚೆ.

ಅಂಟಿಸಿಬಿಟ್ಟಿದ್ದರೆ ಉಳಿದ ದಾರಿ ತಿಳಿ ಬಣ್ಣದ ಮ್ಯಾಟ್ ಪೇಂಟ್ ಒಂದೇ. ಅಲೆ ಹೋಗುವುದಿಲ್ಲ, ಕಣ್ಣಿಗೆ ಹೊಡೆಯುವುದು ಕಡಿಮೆಯಾಗುತ್ತದೆ, ಶೀಟ್ ಕಾಯುವುದೂ ತಗ್ಗುತ್ತದೆ.

ಹೊಸದಾಗಿ ಮಾಡಿಸುವವರು ಫೋಮನ್ನು ಶೀಟಿಗೆ ಮುಟ್ಟಿಸಲೇಬೇಡಿ. ಗರ್ಟ್ ಮೇಲೆ ಮೊದಲು 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್, ಅದರ ಹೊರಮೈಗೆ 20-25 ಮಿ.ಮೀ. ಪಟ್ಟಿ, ಪಟ್ಟಿಯ ಮೇಲೆ ಪ್ಲೇನ್ ಶೀಟ್. ಫೋಮ್ ಹೊಡೆಸುವುದು ಸಿಮೆಂಟ್ ಬೋರ್ಡಿನ ಒಳಮೈಗೆ. ನಡುವಿನ ಗಾಳಿಸಂದಿಗೆ ಮೇಲೆ ಕೆಳಗೆ ಬಾಯಿ ಬಿಟ್ಟು ಇಲಿ ಜಾಲರಿ ಹಾಕಿ. ಬೋರ್ಡ್ ಬದಲು ಬರೀ ಹೌಸ್‌ವ್ರ್ಯಾಪ್ (ನೀರು ತಡೆಯುವ ತೆಳು ಹೊದಿಕೆ) ಹಾಳೆ ಕಟ್ಟಿದರೆ ಅಗ್ಗವೇನೋ ಹೌದು; ಆದರೆ ಉಬ್ಬುವ ಫೋಮ್ ಹಾಳೆಯನ್ನು ದೂಡಿ ಶೀಟಿಗೆ ತಾಗಿಸುತ್ತದೆ. ಬೋರ್ಡಿಗೆ ಬಜೆಟ್ ಇಲ್ಲದಿದ್ದರೆ ಪ್ಲೇನ್ ಶೀಟಿನ ಆಸೆ ಬಿಟ್ಟು ಏಣಿನ ಶೀಟ್ ಹಾಕಿಸಿ.

ಹೊಡೆಸುವ ದಿನ ಪಕ್ಕದಲ್ಲೇ ನಿಲ್ಲಿ. ಲೋಹದ ಮೈಯ ಎಣ್ಣೆಯನ್ನು ಥಿನ್ನರ್‌ನಲ್ಲಿ ಒರೆಸಿರಬೇಕು. ಪಡುವಣ ಗೋಡೆಯಾದರೆ ಬಿಸಿಲು ಬೀಳುವ ಮುಂಚೆ ಕೆಲಸ ಮುಗಿಯಬೇಕು. ಒದ್ದೆ ಮೈಗೆ ಹೊಡೆದರೆ ತೇವಕ್ಕೆ ಐಸೊಸಯನೇಟ್ ಗುಳ್ಳೆಯೆದ್ದು ಫೋಮ್ ಸಿಪ್ಪೆಯಂತೆ ಬಿಡುತ್ತದೆ. ಮೊದಲ ಕೋಟ್ 10-12 ಮಿ.ಮೀ., ಮುಟ್ಟಿ ನೋಡಿ ಬಿಸಿ ಆರಿದ ಮೇಲೆ 20, ಮತ್ತೆ 20. ಮೊದಲು ರಟ್ಟಿನ ಮೇಲೊಂದು ಸ್ಯಾಂಪಲ್ ಹೊಡೆಸಿ: ಪುಡಿಪುಡಿಯಾದರೆ ಐಸೊಸಯನೇಟ್ ಹೆಚ್ಚು, ಮೆತ್ತಗೆ ಅಂಟಂಟಾಗಿದ್ದರೆ ರೆಸಿನ್ ಹೆಚ್ಚು. ಗಟ್ಟಿಯಾದ ಮೇಲೆ 10×10×5 ಸೆಂ.ಮೀ. ತುಂಡು ಕೊಯ್ದು ಅಡುಗೆಮನೆ ತಕ್ಕಡಿಯಲ್ಲಿಡಿ. 16ರಿಂದ 20 ಗ್ರಾಂ ಬರಬೇಕು. ಈ ಅಳತೆಯ ಗೋಡೆಗೆ 3.6 ಘನ ಮೀಟರ್ ಫೋಮ್ ಬೇಕು, ಅಂದರೆ ವೇಸ್ಟ್ ಬಿಟ್ಟೇ 115 ಕೆ.ಜಿ.ಗೆ ಕಡಿಮೆಯಿಲ್ಲದಷ್ಟು ಮಾಲು. ಡ್ರಮ್ ಎಣಿಸಿಕೊಳ್ಳಿ. ತಂತಿಗೆ 50 ಮಿ.ಮೀ. ಗುರುತು ಹಾಕಿ ಅಲ್ಲಲ್ಲಿ ಚುಚ್ಚಿ, ಮುಖ್ಯವಾಗಿ ಮೂಲೆಗಳಲ್ಲಿ. ದಪ್ಪ ಕಳ್ಳತನ ನಡೆಯುವುದು ಅಲ್ಲೇ. ಹೊಡೆಸಿದ ಮೇಲೆ 24 ಗಂಟೆ ಕಾಲ ಶೆಡ್ಡಿನಲ್ಲಿ ಯಾರೂ ಕೂರಬಾರದು.

ಕೊನೆಗೆ ಫೋಮಿನ ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಮುಚ್ಚಿಸಿ, ಯಾಕೆಂದರೆ ಈ ಫೋಮ್ ಉರಿಯುತ್ತದೆ. ಗೋಡೆಗೆ ಬ್ರಾಕೆಟ್ ವೆಲ್ಡಿಂಗ್ ಏನಾದರೂ ಬಾಕಿಯಿದ್ದರೆ ಫೋಮ್ ಹೊಡೆಸುವ ಮುಂಚೆಯೇ ಮುಗಿಸಿ.